ಬಸುರಿಯ ರಕ್ತಹೀನತೆ: ಪರೇಲಿನಲ್ಲಿ ನಡೆದ ಒಂದು ಶೋಧ

ನಮ್ಮ ಮನೆಯ ಹೆಣ್ಣುಮಗಳು ಬಸುರಿಯಾದೊಡನೆ ಡಾಕ್ಟರು ಬರೆದುಕೊಡುವ ಔಷಧಿಗಳಲ್ಲಿ ಫೋಲಿಕ್ ಆಮ್ಲದ ಗುಳಿಗೆ ಇದ್ದೇ ಇರುತ್ತದೆ. ಆ ಗುಳಿಗೆಯ ಚರಿತ್ರೆ ಆರಂಭವಾದದ್ದು ಮುಂಬಯಿಯ ನಾವು ದಿನವೂ ಲೋಕಲ್ ಗಾಡಿಯಲ್ಲಿ ದಾಟಿಹೋಗುವ ಪರೇಲಿನಲ್ಲಿ ಎಂಬುದು ಅನೇಕರಿಗೆ ತಿಳಿದಿರಲಾರದು.

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಪರೇಲಿನ ಹಾಫ್‌ಕಿನ್ ಸಂಸ್ಥೆಗೆ ಬಂದರು. ಹೆರಿಗೆಯ ಸಂಬಂಧವಾದ ಸಾವುಗಳನ್ನು ಕುರಿತ ವಿಚಾರಣೆಗೆ ಅವರನ್ನು ಕರೆಸಿದವರು ಡಾ. ಮಾರ್ಗರೆಟ್ ಬಾಲ್‌ಫೋರ್. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಹೆಂಗಸರಲ್ಲಿ ಬಸಿರಿನ ಕಾಲಕ್ಕೆ ಉಗ್ರವಾದ ರಕ್ತಹೀನತೆ ಕಾಣಿಸಿಕೊಳ್ಳುತ್ತಿತ್ತು. ಕೆಂಪು ರಕ್ತಕಣಗಳು ಗಾತ್ರದಲ್ಲಿ ದೊಡ್ಡವಾಗಿ, ಸಂಖ್ಯೆಯಲ್ಲಿ ಕುಗ್ಗುತ್ತಿದ್ದವು.

ವಿಲ್ಸ್ ರೋಗಿಯ ರಕ್ತವನ್ನು ಪರೀಕ್ಷಿಸಿ ಸುಮ್ಮನಾಗಲಿಲ್ಲ. ಅವಳ ಊಟವನ್ನೂ ವಿಚಾರಿಸಿದರು. ಬೇರೆ ಬೇರೆ ವರ್ಗಗಳ ಸ್ತ್ರೀಯರ ಆಹಾರವನ್ನು ಹೋಲಿಸಿದಾಗ, ಎಲ್ಲರಿಗಿಂತ ಸತ್ವಹೀನ ಆಹಾರ ತಿನ್ನುತ್ತಿದ್ದ ಬಡ ಮುಸ್ಲಿಂ ಸ್ತ್ರೀಯರಲ್ಲೇ ಈ ಕಾಯಿಲೆ ಹೆಚ್ಚೆಂದು ಕಂಡುಬಂತು. ಆ ಬಗೆಯ ಆಹಾರವನ್ನು ಪ್ರಯೋಗಶಾಲೆಯ ಪ್ರಾಣಿಗಳಿಗೆ ತಿನ್ನಿಸಿ ನೋಡಿದರು. ಅವುಗಳಲ್ಲೂ ರಕ್ತ ಕುಂದಿತು.

ಪ್ರಾಣಿಗಳ ಯಕೃತ್ತಿನ ಸಾರ ರಕ್ತಹೀನತೆಗೆ ಮದ್ದೆಂದು ಆಗತಾನೇ ತಿಳಿದಿತ್ತು. ಆದರೆ ಬಡವರಿಗೆ ಅದು ಎಟುಕುವಂಥದಲ್ಲ. ಬಿಯರ್ ತಯಾರಿಕೆಯಲ್ಲಿ ಉಳಿಯುವ ಯೀಸ್ಟಿನಿಂದ ಮಾಡುವ ಮಾರ್ಮೈಟ್ ಎಂಬ ಅಗ್ಗದ ಪದಾರ್ಥವನ್ನು ವಿಲ್ಸ್ ಕೊಟ್ಟು ನೋಡಿದರು. ರೋಗಿಗಳು ಚೇತರಿಸಿಕೊಂಡರು. 1931ರಲ್ಲಿ ಈ ಫಲಿತಾಂಶ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು.

ಯೀಸ್ಟಿನಲ್ಲಿದ್ದ ಆ ಅಜ್ಞಾತ ವಸ್ತುವನ್ನು ‘ವಿಲ್ಸ್ ಅಂಶ’ವೆಂದು ಕರೆದರು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದ ವಸ್ತುವೊಂದಕ್ಕೆ, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ, ಫೋಲಿಕ್ ಆಮ್ಲ ಎಂಬ ಹೆಸರಾಯಿತು. ಎರಡೂ ಒಂದೇ ಎಂದು ಮುಂದೆ ತಿಳಿಯಿತು. 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ಅಮೆರಿಕದ ತಂಡಕ್ಕೆ ಮಾರ್ಗದರ್ಶಕರಾಗಿದ್ದವರು ನಮ್ಮ ಆಂಧ್ರದ ಯೆಲ್ಲಾಪ್ರಗಡ ಸುಬ್ಬರಾವ್.

1970ರಿಂದ ಭಾರತ ಸರ್ಕಾರ ಗರ್ಭಿಣಿಯರಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆಗಳನ್ನು ಹಂಚುತ್ತ ಬಂದಿದೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ 52 ಮಂದಿ ಗರ್ಭಿಣಿಯರಲ್ಲಿ ರಕ್ತಹೀನತೆ ಕಂಡುಬಂದಿತು. ಗುಳಿಗೆಯ ಜೊತೆಗೆ ಸೊಪ್ಪು, ಬೇಳೆಕಾಳುಗಳೂ ತಟ್ಟೆಗೆ ಬೀಳಬೇಕಲ್ಲವೇ?

ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಬಸುರಿ ಹೆಂಗಸನ್ನು “ಬೆಳಿಗ್ಗೆ ಏನು ತಿಂದೆಯಮ್ಮ?” ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ವಿಲ್ಸ್ ಅವರ ಶೋಧ ಮೊದಲಾದದ್ದು ಇಂಥ ಪ್ರಶ್ನೆಯಿಂದಲೇ.