ಬೆತ್ತದ ಪೆಟ್ಟಿಗೆಯಲ್ಲಿ ಘಟ್ಟ ಇಳಿದ ಮಗು

ಕಾರ್ಕಳದಿಂದ ಬಜಗೋಳಿ, ಮಾಳ ದಾಟಿ ಕುದುರೆಮುಖದ ಕಡೆ ಘಾಟಿ ಹತ್ತಿದವರಿಗೆ ಗಂಗಾಮೂಲದ ಹೆಸರು ಗೊತ್ತಿರುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಜಾಗ. ನಾನೂ ಆ ದಾರಿಯಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಮಂಜು ನೋಡಿದ್ದೇನೆ, ಫೋಟೋ ತೆಗೆದಿದ್ದೇನೆ, ಜಿಗಣೆ ಕಚ್ಚಿಸಿಕೊಂಡಿದ್ದೇನೆ. ಆದರೆ ಪಂಡಿತಾ ರಮಾಬಾಯಿ ಹುಟ್ಟಿದ್ದು ಇದೇ ಕಾಡಿನಲ್ಲಿ ಅಂತ ತಿಳಿದದ್ದು ತೀರಾ ತಡವಾಗಿ. ಮಹಾರಾಷ್ಟ್ರದವರು ಅಂದುಕೊಂಡಿದ್ದೆ!

ರಮಾಬಾಯಿಯ ಬಗ್ಗೆ ಬರೆಯಲು ಇನ್ನೊಂದು ಕಾರಣವೂ ಇದೆ. ಅಪ್ಪ ತೀರಿಕೊಂಡ ಹೊಸತರಲ್ಲಿ ಮನೆಗೆ ಬಂದವರೆಲ್ಲ "ದೇವರು ಏನು ಮಾಡಿದರೂ ಒಳ್ಳೆಯದಕ್ಕೇ" ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಷ್ಟ ಬಂತು, ಭಕ್ತಿ ಹುಟ್ಟಿತು, ಎಲ್ಲ ಸರಿಹೋಯಿತು ಅನ್ನುವ ಕಥೆಗಳ ಮೇಲೆ ನನಗೆ ಅಂದಿನಿಂದ ಒಂದು ಗುಮಾನಿ. ರಮಾಬಾಯಿಯ ಕಥೆಯನ್ನೂ ಹೀಗೇ ಹೇಳುವವರಿದ್ದಾರೆ. ಆದರೆ ವರ್ಷಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಅದು ಅಷ್ಟು ಸಲೀಸಾಗಿ ನಡೆದದ್ದಲ್ಲ.

ಹುಟ್ಟಿದ್ದು 1858ರ ಏಪ್ರಿಲ್ 23. ತಂದೆ ಅನಂತಶಾಸ್ತ್ರಿ ಡೋಂಗ್ರೆ, ಮಾಳದ ಕಡೆಯ ಚಿತ್ಪಾವನರು, ದೊಡ್ಡ ಸಂಸ್ಕೃತ ಪಂಡಿತರು. ಪುಣೆಯಲ್ಲಿ ಓದುತ್ತಿದ್ದಾಗ ಅವರ ಗುರುಗಳು ಪೇಶ್ವೆಯ ಹೆಂಡತಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರಂತೆ. ಹೆಂಗಸೊಬ್ಬಳು ಶ್ಲೋಕ ಹೇಳುವುದನ್ನು ಕೇಳಿ ಇವರಿಗೂ ಆಸೆಯಾಯಿತು. ಊರಿಗೆ ಬಂದು ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಇದು ಊರವರಿಗೆ ಹಿಡಿಸಲಿಲ್ಲ. ಉಡುಪಿಯಲ್ಲಿ ವಿದ್ವಾಂಸರ ಮುಂದೆ ನಿಂತು, ಹೆಂಗಸರಿಗೆ ಸಂಸ್ಕೃತ ಹೇಳಿಕೊಡುವುದು ಶಾಸ್ತ್ರವಿರೋಧವಲ್ಲ ಅಂತ ವಾದಿಸಬೇಕಾಯಿತು. ಕೊನೆಗೆ ಗಂಗಾಮೂಲದ ಕಾಡಿಗೇ ಹೋಗಿ ಮನೆ ಮಾಡಿಕೊಂಡು ಶಿಷ್ಯರಿಗೆ ಪಾಠ ಹೇಳುತ್ತ ಇದ್ದರು.

ಅದೂ ಉಳಿಯಲಿಲ್ಲ. ಬಂದವರಿಗೆಲ್ಲ ಊಟ ಹಾಕಿ ಕೈ ಬರಿದಾಯಿತು. ರಮಾಬಾಯಿಗೆ ಆರು ತಿಂಗಳಾದಾಗ ಸಂಸಾರವೇ ತೀರ್ಥಯಾತ್ರೆಗೆ ಹೊರಟಿತು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಘಟ್ಟ ಇಳಿಸಿದರು ಅಂತ ಅವರೇ ಬರೆದುಕೊಂಡಿದ್ದಾರೆ. ಆಮೇಲೆ ಮನೆ ಅನ್ನುವುದೇ ಇಲ್ಲ. ದೇವಸ್ಥಾನದಿಂದ ದೇವಸ್ಥಾನಕ್ಕೆ ನಡಿಗೆ, ಪುರಾಣ ಓದುವುದು, ಜನ ಕೊಟ್ಟದ್ದರಲ್ಲಿ ಜೀವನ. ಬೆಳಗಿನ ಜಾವ ಎಬ್ಬಿಸಿ ತಾಯಿ ಪಾಠ ಹೇಳುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದ ಹುಡುಗಿಗೆ ಭಾಗವತ ಬಾಯಿಪಾಠವಾಯಿತು.

1870ರ ದಶಕದ ಮಧ್ಯದಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಬರ ಬಿತ್ತು. ಇವರ ಕೈಯಲ್ಲಿದ್ದದ್ದೆಲ್ಲ ದಾನಕ್ಕೆ, ಪೂಜೆಗೆ ಖರ್ಚಾಯಿತು. ದೇವರು ಕಣ್ಣು ಬಿಡುತ್ತಾನೆ ಅನ್ನುವ ನಂಬಿಕೆ. ಕೂಲಿ ಮಾಡಲು ಜಾತಿಯ ಹಮ್ಮು ಬಿಡಲಿಲ್ಲ, ಬೇಡಲು ಮನಸ್ಸು ಬರಲಿಲ್ಲ. ಎಲೆ, ಕಾಡುಹಣ್ಣು ತಿಂದರು. 1874ರಲ್ಲಿ ತಂದೆ ಹೋದರು. ಸಾಯುವ ಮೊದಲು ಮಗಳನ್ನು ಹತ್ತಿರ ಕರೆದು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ಅವನ ಸೇವೆ ಮಾಡಿಕೊಂಡಿರು ಅನ್ನುವ ಅರ್ಥದ ಮಾತು ಹೇಳಿದರಂತೆ. ಕೆಲವೇ ವಾರಗಳಲ್ಲಿ ತಾಯಿ ಹೋದರು. ಹೆಣ ಹೊರಲು ಜನ ಸಿಗಲಿಲ್ಲ. ಕೊನೆಗೆ ಇಬ್ಬರು ಬಂದರು, ಉಳಿದ ಎರಡು ಹೆಗಲು ಅಣ್ಣ ಶ್ರೀನಿವಾಸ ಮತ್ತು ರಮಾಬಾಯಿಯವು. ರಮಾಬಾಯಿ ಗಿಡ್ಡ. ಹೆಗಲು ಎಟುಕದೆ ಚಟ್ಟದ ಭಾರವನ್ನು ತಲೆಯ ಮೇಲೆ ಹೊತ್ತು ಸುಡುಗಾಡಿನ ತನಕ ನಡೆದರು. ಆಗ ವಯಸ್ಸು 16. ಆಮೇಲೆ ಅಕ್ಕನೂ ಹೋದಳು.

ಈಗ ಹೇಳಿ, ಇಲ್ಲಿ ಯಾವ ನಂಬಿಕೆ ಹುಟ್ಟೀತು? ಹುಟ್ಟಲಿಲ್ಲ. ಇದ್ದ ನಂಬಿಕೆಯೇ ಸೋರಿಹೋಯಿತು. ಅಣ್ಣ ತಂಗಿ ಇಬ್ಬರೇ ನಾಲ್ಕು ಸಾವಿರ ಮೈಲಿಗೂ ಹೆಚ್ಚು ನಡೆದರು. ಪಂಜಾಬಿನಲ್ಲಿ ಝೇಲಂ ನದಿಯ ದಂಡೆಯಲ್ಲಿ ಚಳಿ ತಡೆಯಲಾಗದೆ ಮರಳಿನಲ್ಲಿ ಎರಡು ಗುಂಡಿ ತೋಡಿ, ತಲೆ ಮಾತ್ರ ಹೊರಗಿಟ್ಟು ಮಲಗಿದರು. 1878ರಲ್ಲಿ ಕಲ್ಕತ್ತ ತಲುಪಿದಾಗ ಅಲ್ಲಿನ ಪಂಡಿತರು ಇವರ ಸಂಸ್ಕೃತ ಕೇಳಿ ದಂಗಾಗಿ 'ಪಂಡಿತಾ', 'ಸರಸ್ವತಿ' ಅಂತ ಬಿರುದು ಕೊಟ್ಟರು. ಹೆಸರು ಬಂತು. ಒಳಗೆ ಮಾತ್ರ ಖಾಲಿ.

ಅಲ್ಲೇ ಮೊದಲ ಸಲ ಕ್ರೈಸ್ತರ ಸಭೆಯೊಂದಕ್ಕೆ ಹೋದರು. ಯಾರೋ ಸಂಸ್ಕೃತ ಬೈಬಲ್ ಕೊಟ್ಟರು. ಓದಿದರೆ ತಲೆಗೆ ಹತ್ತಲಿಲ್ಲ. ಬ್ರಾಹ್ಮಣರೂ ಕೂತು ಅವರ ಜೊತೆ ಚಹಾ ಬಿಸ್ಕತ್ತು ತಿನ್ನುವುದನ್ನು ಕಂಡು, ಕಲಿಯುಗ ನಿಜವಾಗಿಯೂ ಬಂದೇಬಿಟ್ಟಿತು ಅಂದುಕೊಂಡರಂತೆ!

1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಬಿಪಿನ್ ಬಿಹಾರಿ ಮೇಧ್ವಿ ಅನ್ನುವ ವಕೀಲರನ್ನು ಮದುವೆಯಾದರು. ಬೇರೆ ಜಾತಿ, ಬೇರೆ ಭಾಷೆ. ಅಸ್ಸಾಮಿನ ಸಿಲ್ಚಾರ್‌ನಲ್ಲಿ ಸಂಸಾರ. ಅಲ್ಲಿ ಮನೆಯಲ್ಲೇ ಲೂಕನ ಸುವಾರ್ತೆಯ ಬಂಗಾಳಿ ಪ್ರತಿಯೊಂದು ಸಿಕ್ಕಿತು, ಓದತೊಡಗಿದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾಕ್ಕೆ ಬಲಿ. 23 ವಯಸ್ಸಿಗೆ ತಂದೆ, ತಾಯಿ, ಅಕ್ಕ, ಅಣ್ಣ, ಗಂಡ... ಎಲ್ಲ ಮುಗಿದಿತ್ತು.

ಪುಣೆಗೆ ಬಂದರು. ಅಳುತ್ತ ಕೂರಲಿಲ್ಲ. ಆರ್ಯ ಮಹಿಳಾ ಸಮಾಜ ಕಟ್ಟಿದರು. ಹಂಟರ್ ಆಯೋಗದ ಮುಂದೆ ಹೆಂಗಸರಿಗೆ ಹೆಂಗಸರೇ ಟೀಚರ್‌ಗಳು, ಡಾಕ್ಟರುಗಳು ಬೇಕು ಅಂತ ಹೇಳಿಕೆ ಕೊಟ್ಟರು. ತಾವೂ ಡಾಕ್ಟರಾಗಬೇಕು ಅಂತ 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದರಿಂದ ಅದು ಆಗಲಿಲ್ಲ.

ಆದರೆ ಅಲ್ಲಿ ಒಂದು ಜಾಗ ನೋಡಿದರು. ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ವಾಂಟೇಜಿನ ಸಿಸ್ಟರ್‌ಗಳು ನಡೆಸುತ್ತಿದ್ದ ಆಶ್ರಯಮನೆ. ಸಮಾಜ 'ಕೆಟ್ಟವರು' ಅಂತ ದೂರವಿಟ್ಟ ಹೆಂಗಸರು ಅಲ್ಲಿದ್ದರು. ಅವರನ್ನು ಮನುಷ್ಯರಂತೆ ನಡೆಸಿಕೊಳ್ಳುತ್ತಿದ್ದರು. ಇದನ್ನೆಲ್ಲ ಯಾಕೆ ಮಾಡುತ್ತೀರಿ ಅಂತ ಕೇಳಿದಾಗ ಒಬ್ಬ ಸಿಸ್ಟರ್, ಯೇಸು ಬಾವಿಕಟ್ಟೆಯಲ್ಲಿ ಸಮಾರ್ಯದ ಹೆಂಗಸಿನ ಜೊತೆ ಮಾತಾಡಿದ ಕಥೆ ಹೇಳಿದರು. ಐದು ಗಂಡಂದಿರನ್ನು ಕಂಡ, ಪರಜಾತಿಯ ಹೆಂಗಸು. ಅವಳ ಕೈಯಲ್ಲಿ ನೀರು ಕೇಳಿದ ದೇವರು! ತಾಯಿಯ ಹೆಣ ಹೊರಲು ಜನ ಸಿಗದ ಹುಡುಗಿಗೆ ಇದು ಎಷ್ಟು ಆಳಕ್ಕೆ ತಟ್ಟಿರಬಹುದು, ನೀವೇ ಯೋಚಿಸಿ. 1883ರ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ತಾಯಿ ಮಗಳು ಇಬ್ಬರೂ ದೀಕ್ಷಾಸ್ನಾನ ಪಡೆದರು.

ಕಥೆ ಇಲ್ಲಿಗೇ ಮುಗಿಯಿತು ಅಂದುಕೊಂಡರೆ ರಮಾಬಾಯಿ ನಮಗೆ ಅರ್ಥವಾಗಿಲ್ಲ ಅಂತಲೇ. ಅಪ್ಪನಿಂದ ಬಂದ ವಾದದ ಗುಣ ಎಲ್ಲಿ ಹೋದೀತು? ಚರ್ಚು ಹೇಳಿದ್ದಕ್ಕೆಲ್ಲ ತಲೆಯಾಡಿಸಲಿಲ್ಲ. ತನ್ನ ಗುರುವಿನಂತಿದ್ದ ಸಿಸ್ಟರ್ ಜೆರಾಲ್ಡಿನ್ ಜೊತೆ ಪತ್ರದಲ್ಲೇ ಜಗಳ. ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತ ಯಾಕಾಗಬಾರದು ಅಂತ ತಕರಾರು. ಮಾಂಸ ಮುಟ್ಟಲಿಲ್ಲ. ಮತ ಬದಲಾಯಿತು, ತನ್ನ ಬುದ್ಧಿಯನ್ನು ಯಾರಿಗೂ ಒಪ್ಪಿಸಲಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಎಂಟು ವರ್ಷದ ನಂತರ, 1891ರ ಸುಮಾರಿಗೆ, ತನಗೆ ಇಷ್ಟು ದಿನ ಸಿಕ್ಕಿದ್ದು ಕ್ರೈಸ್ತ ಧರ್ಮ ಮಾತ್ರ, ಕ್ರಿಸ್ತ ಸಿಕ್ಕಿರಲಿಲ್ಲ ಅಂತ ಅರಿವಾಯಿತೆಂದು ಬರೆದರು. ಅಷ್ಟು ಹೊತ್ತಿಗೆ ಜಗತ್ತಿಗೇ ಹೆಸರಾಗಿದ್ದವರು ಇದನ್ನು ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಶುರುಮಾಡಿದರು, ಮರುವರ್ಷ ಅದು ಪುಣೆಗೆ ಬಂತು. ಮುಂದೆ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದ ಗೋದೂಬಾಯಿ ಅಲ್ಲಿಯ ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರು. ಧರ್ಮಬೋಧನೆ ಇಲ್ಲ ಅನ್ನುವುದು ಸಂಸ್ಥೆಯ ನಿಯಮವಾಗಿತ್ತು. ಆದರೆ ರಮಾಬಾಯಿ ಬಾಗಿಲು ತೆರೆದಿಟ್ಟು ಪ್ರಾರ್ಥನೆ ಮಾಡುತ್ತಿದ್ದರು, ಹುಡುಗಿಯರು ಬಂದು ಕೂರುತ್ತಿದ್ದರು. 1893ರಲ್ಲಿ ದೊಡ್ಡ ಗಲಾಟೆಯಾಯಿತು. ತಿಲಕರ 'ಕೇಸರಿ' ಕಟುವಾಗಿ ಬರೆಯಿತು. ಬೆಂಬಲಕ್ಕಿದ್ದ ರಾನಡೆ, ಭಂಡಾರ್ಕರ್ ಕೂಡ ಹಿಂದೆ ಸರಿದರು. ಇಲ್ಲಿ ತಪ್ಪೆಲ್ಲ ಒಂದೇ ಕಡೆ ಅನ್ನಲು ನನ್ನಿಂದಾಗದು. ನಂಬಿ ಮಕ್ಕಳನ್ನು ಕಳಿಸಿದವರ ಸಿಟ್ಟಿಗೂ ಕಾರಣವಿತ್ತು. ಆದರೆ ಆ ಹುಡುಗಿಯರಿಗೆ ತಲೆ ಬೋಳಿಸದೆ ಪುಸ್ತಕ ಕೊಡುವ ಮನೆ ಆಗ ಎಷ್ಟಿದ್ದವು ಅನ್ನುವುದನ್ನೂ ಕೇಳಬೇಕಲ್ಲ?

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ಮುಂದಿನದು. 1896ರಲ್ಲಿ ಮತ್ತೆ ಬರ, ಈ ಸಲ ಮಧ್ಯಪ್ರಾಂತ್ಯದಲ್ಲಿ. ಸುದ್ದಿ ಕೇಳಿದ ರಮಾಬಾಯಿಗೆ ಹಳೆಯದೆಲ್ಲ ಕಣ್ಣೆದುರು ಬಂತು. ಒಮ್ಮೆ ಬರದಲ್ಲಿ ಎಲ್ಲ ಕಳೆದುಕೊಂಡವರು ಮತ್ತೆ ಆ ಕಡೆ ತಲೆಹಾಕಿಯೂ ಮಲಗದಿದ್ದರೆ ತಪ್ಪೇನಿಲ್ಲ. ಇವರು ಹೊರಟೇಬಿಟ್ಟರು. ಎಲುಬು ಕಾಣುವ ಹುಡುಗಿಯರನ್ನು, ಮಾರಾಟವಾಗುತ್ತಿದ್ದವರನ್ನು ನೂರಾರು ಸಂಖ್ಯೆಯಲ್ಲಿ ಕರೆತಂದರು. ಪುಣೆಯಲ್ಲಿ ಪ್ಲೇಗು ಇದ್ದುದರಿಂದ ಹತ್ತಿರದ ಕೇಡಗಾಂವ್‌ನ ಬಯಲಿನಲ್ಲಿ ಇಳಿಸಿದರು. ಬಾವಿ ತೋಡಿಸಿದರು, ಕಟ್ಟಡ ಎದ್ದಿತು. ಅದೇ 'ಮುಕ್ತಿ'. 1900ರಲ್ಲಿ ಗುಜರಾತಿನ ಬರದಿಂದಲೂ ಮಕ್ಕಳು ಬಂದರು. ನೇಯ್ಗೆ, ಹೈನು, ಅಚ್ಚುಕೂಟ, ಕುರುಡರಿಗೆ ಬ್ರೈಲ್ ಪಾಠ, ಎಲ್ಲವೂ ಅಲ್ಲಿತ್ತು. ಮುಂದೆ ಮಗಳು ಮನೋರಮಾ ಗುಲ್ಬರ್ಗಾದಲ್ಲಿಯೂ, ಅಂದರೆ ಇಂದಿನ ಕಲಬುರಗಿಯಲ್ಲಿ, ಶಾಲೆಯ ಕೆಲಸ ನೋಡಿಕೊಂಡರು. ಹಾಗೆ ನೋಡಿದರೆ ಘಟ್ಟ ಇಳಿದು ಹೋದ ಆ ಕುಟುಂಬ ಒಂದು ಸುತ್ತು ಹಾಕಿ ಮತ್ತೆ ನಮ್ಮ ನಾಡಿಗೇ ಬಂದಿತ್ತು.

ಕೊನೆಗಾಲದಲ್ಲಿ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಸಾಮಾನ್ಯ ಹೆಂಗಸರಿಗೂ ತಿಳಿಯುವ ಮರಾಠಿಗೆ ತಂದರು. ಆ ಕೆಲಸ ನಡೆಯುತ್ತಿರುವಾಗಲೇ, 1921ರಲ್ಲಿ, ಮನೋರಮಾ ತೀರಿಕೊಂಡಳು. ಉಳಿದಿದ್ದ ಒಬ್ಬಳೇ ಮಗಳು. ತಾಯಿ ಕೆಲಸ ಮುಗಿಸಿ 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು.

ಅಂದರೆ ದೇವರು ಸಿಕ್ಕ ಮೇಲೆ ಸಾವು ನಿಲ್ಲಲಿಲ್ಲ. ರಮಾಬಾಯಿಗೆ ಸಿಕ್ಕಿದ್ದು ಸಮಾಧಾನದ ಮಾತಲ್ಲ, ಮತ್ತೆ ಬರದ ನಾಡಿಗೆ ಕಾಲಿಡುವ ಧೈರ್ಯ. ಅವರ ದೇವರು ನನ್ನ ದೇವರಲ್ಲ, ನನಗೆ ದೇವರ ಬಗ್ಗೆಯೇ ಅನುಮಾನ. ಆದರೆ ಈ ಭರವಸೆಯನ್ನು ಮಾತ್ರ ಅನುಮಾನಿಸಲಾರೆ. "ಒಳ್ಳೆಯದಕ್ಕೇ" ಅಂದವರ ಬದಲು, ಅಪ್ಪ ಹೋದಾಗ ಏನೂ ಹೇಳದೆ ಹದಿಮೂರು ದಿನವೂ ಬಂದು ಅಡುಗೆಮನೆಗೆ ನೀರು ತಂದಿಟ್ಟ ಪಕ್ಕದ ಮನೆಯ ಅಕ್ಕ ಯಾಕೋ ಇದನ್ನು ಬರೆಯುವಾಗ ನೆನಪಾದರು.

ಮುಂದಿನ ಸಲ ಮಾಳ ಘಾಟಿ ಹತ್ತಿದರೆ ಒಂದು ನಿಮಿಷ ಗಾಡಿ ನಿಲ್ಲಿಸಿ. ಇದೇ ಕಾಡಿನಿಂದ ಒಂದು ಮಗು ಬೆತ್ತದ ಪೆಟ್ಟಿಗೆಯಲ್ಲಿ ಇಳಿದು ಹೋಗಿತ್ತು ಅಂತ ಜೊತೆಗಿರುವ ಮಕ್ಕಳಿಗೆ ಹೇಳಿ.