ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್

ಪ್ರಾಸ್ಟೇಟ್ ಕ್ಯಾನ್ಸರ್ ಪುರುಷರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟುವ ರೋಗ. ಇದು ದೇಹದ ಬೇರೆಡೆಗೆ ಹರಡಿದಾಗ ಹೆಚ್ಚಾಗಿ ಬೆನ್ನುಮೂಳೆ, ಸೊಂಟದ ಮೂಳೆ ಹಾಗೂ ಪಕ್ಕೆಲುಬುಗಳಲ್ಲಿ ನೆಲೆಯೂರುತ್ತದೆ. ಆಗ ಮೂಳೆಯ ರಚನೆಯ ಜೊತೆಗೆ ಕೆಲವರಲ್ಲಿ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೂ ಏರುಪೇರಾಗುತ್ತದೆ.

ಮೂಳೆಯ ಮೇಲಿನ ಪರಿಣಾಮ

ಮೂಳೆಯು ನಿರ್ಜೀವ ಕಂಬವಲ್ಲ. ಆಸ್ಟಿಯೋಕ್ಲಾಸ್ಟ್ ಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತಿದ್ದರೆ, ಆಸ್ಟಿಯೋಬ್ಲಾಸ್ಟ್ ಕೋಶಗಳು ಹೊಸದನ್ನು ಕಟ್ಟುತ್ತಿರುತ್ತವೆ. ಶ್ವಾಸಕೋಶದ ಕ್ಯಾನ್ಸರ್ ಮೂಳೆಗೆ ಹರಡಿದಾಗ ಸಾಮಾನ್ಯವಾಗಿ ಕರಗಿಸುವ ಕೆಲಸವೇ ಮೇಲುಗೈ ಪಡೆಯುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ. ಕ್ಯಾನ್ಸರ್ ಕೋಶಗಳು ಎಂಡೋಥೆಲಿನ್-1 ಮೊದಲಾದ ವಸ್ತುಗಳನ್ನು ಸ್ರವಿಸಿ ಆಸ್ಟಿಯೋಬ್ಲಾಸ್ಟ್‌ಗಳನ್ನು ಪ್ರಚೋದಿಸುವುದರಿಂದ ಎಕ್ಸ್-ರೇ ಚಿತ್ರದಲ್ಲಿ ಬಿಳಿಯ ದಟ್ಟ ಕಲೆಗಳು ಕಾಣುತ್ತವೆ. ಮೂಳೆ ಹೆಚ್ಚಿದರೆ ಬಲವೂ ಹೆಚ್ಚೀತೆಂದು ಭಾವಿಸುವುದು ಸಹಜ. ಆದರೆ ಅವಸರದಲ್ಲಿ ಕಟ್ಟಿದ ಈ ಮೂಳೆಯ ನಾರುಗಳ ಹೆಣಿಗೆ ಕ್ರಮತಪ್ಪಿರುವುದರಿಂದ ಅದು ಮುರಿಯಬಲ್ಲದು. ಕರಗುವ ಕ್ರಿಯೆಯೂ ನಿಂತಿರುವುದಿಲ್ಲ. ಆಗ ಮೂಳೆಯಿಂದ ಹೊರಬರುವ ಬೆಳವಣಿಗೆಯ ಅಂಶಗಳು ಕ್ಯಾನ್ಸರ್ ಕೋಶಗಳಿಗೇ ಪೋಷಣೆಯಾಗುತ್ತವೆ. ಕ್ಯಾನ್ಸರ್ ಕೋಶವನ್ನು ಬೀಜಕ್ಕೂ ಅದು ನೆಲೆಸುವ ಅಂಗವನ್ನು ಮಣ್ಣಿಗೂ ಹೋಲಿಸಿ 1889ರಲ್ಲಿ ಬ್ರಿಟನ್ನಿನ ಸ್ಟೀಫನ್ ಪ್ಯಾಜೆಟ್ ಮಂಡಿಸಿದ ವಿವರಣೆ ಇಂದಿಗೂ ಬಳಕೆಯಲ್ಲಿರುವುದು ಸುಮ್ಮನೆ ಅಲ್ಲ.

ರಕ್ತದ ಮೇಲಿನ ಪರಿಣಾಮ

ಕ್ಯಾನ್ಸರ್ ಕೋಶಗಳ ಮೇಲಿರುವ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನು ರಕ್ತ ಹೆಪ್ಪುಗಟ್ಟುವ ಸರಣಿಯನ್ನು ಆರಂಭಿಸಬಲ್ಲದು. ಕಾಲಿನ ಅಭಿಧಮನಿಯಲ್ಲಿ ಹೆಪ್ಪು ಕಟ್ಟಿದರೆ ಒಂದೇ ಕಾಲು ಊದಿಕೊಳ್ಳಬಹುದು; ಅದು ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣಾಪಾಯ. ರೋಗ ವ್ಯಾಪಕವಾದ ಕೆಲವರಲ್ಲಿ ದೇಹದುದ್ದಕ್ಕೂ ಸಣ್ಣ ಹೆಪ್ಪುಗಳುಂಟಾಗಿ ಫೈಬ್ರಿನೋಜೆನ್ ಮತ್ತು ಪ್ಲೇಟ್‌ಲೆಟ್‌ಗಳು ಖರ್ಚಾಗುತ್ತವೆ. ಹೆಪ್ಪನ್ನು ಕರಗಿಸುವ ಯೂರೋಕೈನೇಸ್‌ನಂತಹ ಕಿಣ್ವಗಳ ಚಟುವಟಿಕೆಯೂ ಏರಬಹುದು. ಹೀಗಾಗಿ ಹೆಪ್ಪುಗಟ್ಟುವುದರಿಂದ ಮೊದಲಾದ ತೊಂದರೆಯು ವಸಡು, ಮೂತ್ರಮಾರ್ಗ ಅಥವಾ ಚರ್ಮದಡಿಯ ರಕ್ತಸ್ರಾವವಾಗಿ ಪ್ರಕಟವಾಗುತ್ತದೆ. ಅಸ್ಥಿಮಜ್ಜೆಯನ್ನು ಕ್ಯಾನ್ಸರ್ ಆಕ್ರಮಿಸಿದಲ್ಲಿ ಪ್ಲೇಟ್‌ಲೆಟ್‌ಗಳ ಉತ್ಪಾದನೆಯೇ ಕುಗ್ಗುತ್ತದೆ.

ಚಿಕಿತ್ಸೆ

ಮೂಲರೋಗವನ್ನು ಹತೋಟಿಗೆ ತರುವುದೇ ಮುಖ್ಯ. ಪುರುಷ ಹಾರ್ಮೋನುಗಳನ್ನು ತಗ್ಗಿಸಿದರೆ ಈ ಕ್ಯಾನ್ಸರ್ ಕುಗ್ಗುವುದೆಂದು ಚಾರ್ಲ್ಸ್ ಹಗ್ಗಿನ್ಸ್ 1941ರಲ್ಲಿ ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಜೋಲೆಡ್ರೋನಿಕ್ ಆಮ್ಲ, ಡೆನೋಸುಮಾಬ್ ಔಷಧಗಳು ಮೂಳೆ ಮುರಿತದಂತಹ ತೊಂದರೆಗಳನ್ನು ಕಡಿಮೆ ಮಾಡುತ್ತವೆ. ಇವುಗಳಿಂದ ದವಡೆಯ ಮೂಳೆಗೆ ಹಾನಿಯಾಗುವ ಸಂಭವವಿರುವುದರಿಂದ ಮೊದಲೇ ಹಲ್ಲಿನ ತಪಾಸಣೆ ಅಗತ್ಯ. ಹೆಪ್ಪು ತಡೆಯುವ ಔಷಧವನ್ನು ರಕ್ತಸ್ರಾವದ ಅಪಾಯವನ್ನು ಅಳೆದೇ ನೀಡಲಾಗುತ್ತದೆ. ಬೆನ್ನುನೋವಿನೊಂದಿಗೆ ಕಾಲುಗಳ ಬಲ ಕುಂದಿದರೆ ಅಥವಾ ಮೂತ್ರ ಕಟ್ಟಿದರೆ ಬೆನ್ನುಹುರಿ ಅದುಮಲ್ಪಟ್ಟಿರುವ ಸಾಧ್ಯತೆಯಿದ್ದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ತಡವಾದರೆ ನಡೆಯುವ ಶಕ್ತಿ ಮರಳದಿರಬಹುದು.