ಮ್ಯಾಕರೋನಿ ಶಬ್ದದ ದೇಶಾಟನ

ಮನುಷ್ಯರಂತೆ ಶಬ್ದಗಳೂ ದೇಶಾಂತರ ಹೋಗುವುವು. ಇಟಲಿಯ ಪಾಕಶಾಲೆಯಿಂದ ಹೊರಟ ‘ಮ್ಯಾಕರೋನಿ’ ಎಂಬ ಶಬ್ದವು ಹೋದೆಡೆಯಲ್ಲೆಲ್ಲಾ ಬೇರೊಂದು ಅರ್ಥವನ್ನು ತಳೆಯಿತು. ಭಾಷಾಶುದ್ಧಿಯನ್ನು ಕುರಿತು ಚಿಂತಿಸುವವರಿಗೆ ಅದರ ಚರಿತ್ರೆಯು ಮನನೀಯವಾಗಿರುವುದು.

ಈ ತಿನಿಸು ಪ್ರಾಚೀನವಾದುದು. 14ನೆಯ ಶತಮಾನದ ಮಧ್ಯದಲ್ಲಿ ಬೊಕ್ಕಾಚಿಯೋ ರಚಿಸಿದ ‘ಡೆಕಾಮೆರಾನ್’ ಕಥಾಸಂಗ್ರಹದಲ್ಲಿ ಒಂದು ಕಲ್ಪಿತ ದೇಶದ ವರ್ಣನೆಯಿದೆ. ಅಲ್ಲಿ ತುರಿದ ಗಿಣ್ಣಿನ ಪರ್ವತದ ಮೇಲೆ ಕುಳಿತವರು ಮ್ಯಾಕರೋನಿಯನ್ನು ಬೇಯಿಸಿ ಕೆಳಕ್ಕೆ ಉರುಳಿಸುವರಂತೆ. ಆ ಕಾಲದಲ್ಲಿ ಹಿಟ್ಟಿನ ಉಂಡೆಗಳಿಗೂ ಈ ಹೆಸರು ಸಲ್ಲುತ್ತಿತ್ತು.

ಆಗ ಐರೋಪ್ಯ ಪಂಡಿತರಿಗೆ ಲ್ಯಾಟಿನ್, ನಮ್ಮವರಿಗೆ ಸಂಸ್ಕೃತವಿದ್ದಂತೆ, ಶಾಸ್ತ್ರಭಾಷೆಯಾಗಿತ್ತು. 15ನೆಯ ಶತಮಾನದ ಕೊನೆಯಲ್ಲಿ ಪಾದುವಾ ನಗರದ ತಿಫಿ ಓದಾಸಿ ಎಂಬವನು ಆಡುನುಡಿಯ ಪದಗಳಿಗೆ ಲ್ಯಾಟಿನ್ ವಿಭಕ್ತಿಗಳನ್ನು ತೊಡಿಸಿ ‘ಮಕರೊನೇಆ’ ಎಂಬ ಹಾಸ್ಯಕಾವ್ಯವನ್ನು ಬರೆದನು. ಈ ಮಾರ್ಗವನ್ನು ಪ್ರೌಢಿಗೆ ತಂದವನು ತೆಯೋಫಿಲೋ ಫೋಲೆಂಗೋ (1491–1544). ಬೆನೆಡಿಕ್ಟೀನ್ ಸಂನ್ಯಾಸಿಯಾದ ಈತನು ಗುಪ್ತನಾಮದಿಂದ ರಚಿಸಿದ ‘ಬಾಲ್ದುಸ್’ ಕಾವ್ಯವು 1517ರಲ್ಲಿ ಮುದ್ರಿತವಾಯಿತು. ಮ್ಯಾಕರೋನಿಯು ಹಿಟ್ಟು, ಗಿಣ್ಣು, ಬೆಣ್ಣೆಗಳನ್ನು ಕೂಡಿಸಿದ ಒರಟಾದ ಹಳ್ಳಿಯ ಅಡಿಗೆಯೆಂದೂ, ತನ್ನ ಕವಿತೆಯೂ ಹಾಗೆಯೇ ಇರುವುದರಿಂದ ಅದಕ್ಕೆ ಆ ಹೆಸರು ಬಂದಿತೆಂದೂ ಆತನೇ ವಿವರಿಸಿರುವನು. ಫ್ರಾನ್ಸಿನ ರಾಬ್ಲೇ ಈತನಿಂದ ಪ್ರಭಾವಿತನಾದನು. ಮುಂದೆ ಬಹುಭಾಷಾಮಿಶ್ರಿತವಾದ ಪದ್ಯಕ್ಕೆಲ್ಲ ಯೂರೋಪಿನಲ್ಲಿ ‘ಮ್ಯಾಕರೋನಿಕ್’ ಎಂಬ ಸಂಜ್ಞೆಯೇ ನಿಂತಿತು.

ಇಂಗ್ಲೆಂಡಿನಲ್ಲಿ ಶಬ್ದವು ಮತ್ತೊಂದು ದಾರಿಯನ್ನು ಹಿಡಿಯಿತು. 1760ರ ಮತ್ತು 1770ರ ದಶಕಗಳಲ್ಲಿ ಇಟಲಿಯನ್ನು ಸುತ್ತಿಬಂದು ವಿದೇಶೀ ಉಡುಪು, ಊಟಗಳಲ್ಲಿ ಮೆರೆಯುತ್ತಿದ್ದ ಸಿರಿವಂತ ತರುಣರನ್ನು ಜನರು ಮ್ಯಾಕರೋನಿಗಳೆಂದು ಕರೆದು ನಕ್ಕರು. ಅಮೆರಿಕದ ‘ಯಾಂಕೀ ಡೂಡಲ್’ ಹಾಡಿನ ಮ್ಯಾಕರೋನಿಗೂ ಶೋಕಿಯೆಂಬುದೇ ಅರ್ಥ.

ಭಾಷಾಮಿಶ್ರಣವನ್ನು ಅಡಿಗೆಯ ಮಾತಿನಿಂದ ಅಳೆಯುವುದು ನಮಗೂ ಹೊಸದಲ್ಲ. 12ನೆಯ ಶತಮಾನದ ‘ಧರ್ಮಾಮೃತ’ದಲ್ಲಿ ನಯಸೇನನು ಕನ್ನಡದೊಳಗೆ ಸಂಸ್ಕೃತವನ್ನು ತುರುಕುವವರನ್ನು ಆಕ್ಷೇಪಿಸಿ, ತುಪ್ಪಕ್ಕೆ ಎಣ್ಣೆಯನ್ನು ಬೆರೆಸಬಹುದೇ ಎಂಬ ಭಾವದ ಪ್ರಶ್ನೆಯನ್ನು ಕೇಳಿರುವನು. ಅವನು ನಿಷೇಧಿಸಿದ ಬೆರಕೆಯಿಂದಲೇ ಫೋಲೆಂಗೋ ಕಾವ್ಯವನ್ನು ಕಟ್ಟಿದನು. ಇವರಲ್ಲಿ ಯಾರ ಪಕ್ಷವು ಸಾಧುವೆಂದು ಕೇಳುವವರು ಒಂದು ಸಂಗತಿಯನ್ನು ಮರೆಯಬಾರದು. ಫೋಲೆಂಗೋ ಲ್ಯಾಟಿನ್ ವ್ಯಾಕರಣ, ಛಂದಸ್ಸುಗಳಲ್ಲಿ ನುರಿತವನು, ಎಲ್ಲಿ ನಿಯಮವನ್ನು ಮುರಿದನೆಂಬುದು ಅವನಿಗೂ ಗೊತ್ತಿತ್ತು, ಓದುಗರಿಗೂ ಗೊತ್ತಿತ್ತು, ಅದರಿಂದಲೇ ರಸವುಂಟಾಯಿತು. ಎರಡು ಭಾಷೆಗಳನ್ನೂ ಅರೆಬರೆಯಾಗಿ ಬಲ್ಲವನು ಬೆರೆಸಿದರೆ ನಯಸೇನನ ಆಕ್ಷೇಪವೇ ನಿಲ್ಲುವುದು. ನಮ್ಮ ಮಕ್ಕಳು ಎಷ್ಟು ಭಾಷೆಗಳನ್ನಾದರೂ ಬೆರೆಸಲಿ. ಅದಕ್ಕೆ ಮೊದಲು ಒಂದನ್ನಾದರೂ ಚೆನ್ನಾಗಿ ಕಲಿಯಲಿ.